ಹುಳುಮನೆ ಕ್ಯಾಲೆಂಡರಿನಲ್ಲಿ ಸಿಕ್ಕ ತಾರೀಖು

ಕೋವಿಡ್ ಗಲಾಟೆ ಅಡಗಿದ ಮಾರನೇ ವರ್ಷ ನನಗೆ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಒಂದು ಉಪಕೇಂದ್ರಕ್ಕೆ ವರ್ಗವಾಯಿತು. ಹುದ್ದೆಯ ಹೆಸರು ಸರ್ಕಾರದ ಕಾಗದದಲ್ಲಿ ಉದ್ದವಾಗಿದೆ. ಊರಿನಲ್ಲಿ ವಯಸ್ಸಾದವರಿಗೆ ನಾನು ನರ್ಸಮ್ಮ, ಹೊಸದಾಗಿ ಮದುವೆಯಾಗಿ ಬಂದವರಿಗೆ ಸಿಸ್ಟರ್. ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ತೂಕ, ಬಿಪಿ ನೋಡುವುದು, ಸದ್ಯಕ್ಕೆ ಮಗು ಬೇಡ ಅನ್ನುವವರಿಗೆ ದಾರಿ ಹೇಳುವುದು ನನ್ನ ಕೆಲಸ. ಇಷ್ಟೇನಾ ಅಂದುಕೊಂಡವರು ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಿ.

ಈಗ ಹೇಳಹೊರಟ ಹೆಣ್ಣುಮಗಳ ಹೆಸರು ಬದಲಾಯಿಸಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಬರೆಯಲಾ ಅಂತ ಅವಳನ್ನೇ ಕೇಳಿದ್ದೆ. "ಬರೀರಿ ಸಿಸ್ಟ್ರೇ, ಫೋಟೊ ಒಂದ್ ಹಾಕ್ಬ್ಯಾಡಿ" ಅಂದಳು. ಓದುವಾಗ ಕೆಲವರಿಗೆ ಮುಜುಗರ ಆಗಬಹುದು. ಆದರೂ ಓದಿ. ಮುಟ್ಟಾಗುವವರು ನಿಮ್ಮ ಮನೆಯಲ್ಲೂ ಇದ್ದಾರೆ.

ಸವಿತಳಿಗೆ ಆಗ ಇಪ್ಪತ್ತಾರು. ದೊಡ್ಡ ಮಗಳಿಗೆ ಮೂರೂವರೆ ವರ್ಷ, ಚಿಕ್ಕ ಮಗನಿಗೆ ಹದಿನಾಲ್ಕು ತಿಂಗಳು. ಎರಡೂ ಸಿಸೇರಿಯನ್. ಎರಡನೇ ಸಲ ರಕ್ತ ಜಾಸ್ತಿ ಹೋಗಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು, ಮೂರು ವರ್ಷ ಇನ್ನೊಂದು ಬಸಿರು ಬೇಡ ಅಂತ. ಹೊಟ್ಟೆ ಕೊಯ್ದಾಗಲೇ ಮಕ್ಕಳಾಗದ ಆಪರೇಶನ್ ಮಾಡಬಹುದಿತ್ತು. ಆದರೆ ಆಪರೇಶನ್ ಆದವರು ಸೊಪ್ಪಿನ ಹೊರೆ ಹೊರಲಾರರು ಅಂತ ಮನೆಯವರು ಒಪ್ಪಲಿಲ್ಲ. ಇದು ಸುಳ್ಳು, ಹೊರಬಹುದು. ಆದರೆ ಈ ಸುಳ್ಳಿಗೆ ನಮ್ಮ ಕಡೆ ಬೇರು ಆಳವಾಗಿದೆ.

ಅವರದು ರೇಷ್ಮೆ ಸಾಕುವ ಮನೆ. ಗೊತ್ತಿಲ್ಲದವರಿಗೆ ಒಂದು ಮಾತು. ಎರಡನೇ ಜ್ವರ ಕಳೆದ ಎಳೇ ಹುಳುವನ್ನು, ಅಂದರೆ ಚಾಕಿಯನ್ನು, ಚಾಕಿ ಕೇಂದ್ರದಿಂದ ತರುತ್ತಾರೆ. ಹುಳು ಸೊಪ್ಪು ಬಿಟ್ಟು ಒಂದು ದಿನ ಮಂಕಾಗಿ ಕೂತು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಮೂರನೇ ಜ್ವರ, ನಾಲ್ಕನೇ ಜ್ವರ ದಾಟಿದ ಮೇಲೆ ಒಂದು ವಾರ ಅದು ತಿನ್ನುವ ತಿನ್ನಾಟಕ್ಕೆ ಮನೆಮಂದಿಗೆ ಬಿಡುವೇ ಇಲ್ಲ. ಆಮೇಲೆ ಹಣ್ಣಾಗುತ್ತದೆ, ಅಂದರೆ ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಹಣ್ಣುಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟೆಗೆ ಬಿಡಬೇಕು. ಆಗ ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಕಷ್ಟ.

ಮತ್ತು ಮುಟ್ಟಾದವಳು ಹುಳುಮನೆಗೆ ಕಾಲಿಡುವಂತಿಲ್ಲ. ಹುಳಕ್ಕೆ ರೋಗ ಬರುತ್ತದೆ ಅನ್ನುವ ನಂಬಿಕೆ. ಆದ್ದರಿಂದ ಸರಿಯಾಗಿ ಹಣ್ಣುಹುಳು ಹೊತ್ತಿಗೆ ಮುಟ್ಟು ಬರುವ ಹಾಗಿದ್ದರೆ ಮೂರು ದಿನ ಮುಂಚೆಯೇ ಮುಟ್ಟು ಮುಂದೂಡುವ ಮಾತ್ರೆ ಶುರು. ಗೂಡು ಬಿಡಿಸುವ ತನಕ ನುಂಗುತ್ತಾರೆ. ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ದೇವರ ಕಾರ್ಯಕ್ಕೆ, ಮದುವೆಗೆ ಪೇಟೆಯವರೂ ನುಂಗುವ ಮಾತ್ರೆಯೇ ಇದು. ಡಾಕ್ಟರ ಚೀಟಿ ಬೇಕು. ಚೀಟಿ ಯಾರು ಕೇಳುತ್ತಾರೆ?

ನನ್ನ ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಮಗನ ಲಸಿಕೆಗೆ ಬಂದಾಗಲೆಲ್ಲ ಸವಿತಳನ್ನು ಕೇಳುತ್ತಿದ್ದೆ, "ಮಕ್ಕಳಾಗದ ಹಾಗೆ ಏನಾದ್ರೂ ಮಾಡ್ಕೊಂಡಿದೀಯಾ?" ಅವಳು "ಹೂಂ ಸಿಸ್ಟ್ರೇ, ಮಾತ್ರೆ ತಗತೀನಿ" ಅನ್ನುತ್ತಿದ್ದಳು. ನಾನು ರಿಜಿಸ್ಟರಿನಲ್ಲಿ ನುಂಗುವ ಗರ್ಭನಿರೋಧಕ ಅಂತ ಬರೆದುಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದೆ. ಮಾತ್ರೆಯ ಪಟ್ಟಿ ತೋರಿಸು ಅಂತ ಒಂದು ಸಲವೂ ಕೇಳಲಿಲ್ಲ. ನನ್ನ ಉಪಕೇಂದ್ರದಿಂದ ಮಾತ್ರೆ ತೆಗೆದುಕೊಂಡೇ ಹೋಗದವಳು ಅದನ್ನು ಎಲ್ಲಿಂದ ತರುತ್ತಾಳೆ ಅಂತ ನನ್ನ ತಲೆಗೂ ಹೊಳೆಯಲಿಲ್ಲ.

ಒಂದು ಬುಧವಾರ ಬೆಳಗ್ಗೆ ಅವಳು ಒಬ್ಬಳೇ ಬಂದಳು. ಮುಖ ಸುಣ್ಣದ ಹಾಗಿತ್ತು.

"ಸಿಸ್ಟ್ರೇ, ಡೇಟ್ ಬರಂಗೆ ಒಂದ್ ಇಂಜಿಶನ್ ಹಾಕ್ಬುಡಿ. ಮಾತ್ರೆ ಜಾಸ್ತಿ ಆಗಿ ಒಳಗೇ ನಿಂತ್ಕಬುಟ್ಟೈತೆ. ನಾಡಿದ್ದು ಚಾಕಿ ಬತ್ತದೆ. ಅಷ್ಟ್ರಲ್ಲಿ ಬಂದೋಗ್ಲಿ."

"ಯಾವ ಮಾತ್ರೆ?"

"ಅದೇಯ, ಮುಟ್ಟು ಮುಂದಕ್ಕೋಗೋದು. ಎಲ್ಲಾರೂ ತಗತಾರಲ್ಲ, ಹಣ್ಣುಹುಳ ಹೊತ್ನಲ್ಲಿ."

"ಮತ್ತೆ ಮಕ್ಕಳಾಗದಿರೋಕೆ ಏನ್ ತಗೊತೀಯ?"

"ಅದೂ ಅದೇ ಅಲ್ವಾ?" ಅಂದಳು.

ಮೂತ್ರದ ಪರೀಕ್ಷೆ ಮಾಡಿದೆ. ಎರಡು ಗೆರೆ ಬಂತು. ಅವಳು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಸುಳ್ಳೇಳ್ತೈತೆ ಬುಡಿ. ಮುಟ್ಟೇ ತಡಿಯೋ ಮಾತ್ರೆ ತಗಂಡೋಳಿಗೆ ಬಸ್ರು ಎಲ್ಲಿಂದ ನಿಲ್ತದೆ?"

ಕೇಳುವುದಕ್ಕೆ ಸರಿಯಾದ ಪ್ರಶ್ನೆಯೇ. ಉತ್ತರವನ್ನು ನಿಮಗೂ ಹೇಳುತ್ತೇನೆ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ, ಆದರೆ ಗಂಡಸಿನ ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದ ತನಕ ಬದುಕಿರಬಲ್ಲದು. ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಅಂಡ ಹೊರಗೆ ಬರದಂತೆಯೇ ತಡೆಯುತ್ತದೆ. ಮುಟ್ಟು ಮುಂದೂಡುವ ಮಾತ್ರೆ ಶುರುವಾಗುವ ಹೊತ್ತಿಗೆ ಅಂಡ ಬಂದು ಹೋಗಿ ಹತ್ತು ದಿನ ಆಗಿರುತ್ತದೆ. ಗರ್ಭಕೋಶದ ಒಳಪದರ ಕಳಚಿ ಬೀಳದ ಹಾಗೆ ಹಿಡಿದಿಡುವುದಷ್ಟೇ ಇದರ ಕೆಲಸ. ಬಸಿರನ್ನು ಇದು ತಡೆಯುವುದಿಲ್ಲ.

ಅದಕ್ಕಿಂತ ಕೆಟ್ಟದ್ದೊಂದಿತ್ತು. ಗೂಡು ಬಿಡಿಸಿ ಮಾತ್ರೆ ಬಿಟ್ಟ ಮೇಲೆ ಮುಟ್ಟು. ಅಲ್ಲಿಂದ ಎರಡು ವಾರಕ್ಕೆ ಅಂಡ. ಒಂದು ಬೆಳೆಯ ಗೂಡು ಬಿಡಿಸಿ ಮುಂದಿನ ಬೆಳೆಯ ಚಾಕಿ ಬರುವ ನಡುವಿನ ಬಿಡುವೂ ಎರಡು ವಾರವೇ. ಹುಳುವಿನ ಕಾಟವಿಲ್ಲದೆ ಗಂಡ ಹೆಂಡತಿ ಒಂದೆಡೆ ನೆಮ್ಮದಿಯಾಗಿ ಮಲಗುವ ದಿನಗಳು ಅವು. ಒಂದು ಬೆಳೆಗೆ ನುಂಗಿದರೆ ಒಂದು ತಿಂಗಳು ಅದರ ಪವರ್ ಇರುತ್ತದೆ ಅಂತ ಇವರು ನಂಬಿದ್ದರು.

ಕೊನೆಯ ಮುಟ್ಟು ಯಾವಾಗ ಅಂತ ಕೇಳಿದೆ. ಏಳು ವಾರದ ಹಿಂದೆ ಅಂದಳು. "ಒಂದೇ ದಿನ, ಒಸಿ ಕಂದು ಕಂದು ಆಯ್ತು" ಅಂತ ಸೇರಿಸಿದಳು. ಮಲಗಿಸಿ ಹೊಟ್ಟೆ ಮುಟ್ಟಿದೆ. ಏಳು ವಾರದ ಬಸಿರು ಹೊರಗಿನಿಂದ ಕೈಗೆ ಸಿಗುವುದಿಲ್ಲ, ಗರ್ಭಕೋಶ ಇನ್ನೂ ಕೆಳಗಿನ ಮೂಳೆಯ ಹಿಂದೆ ಇರುತ್ತದೆ. ಇವಳದು ಮೂಳೆಯ ಮೇಲೆ ಬೆರಳ ತುದಿಗೆ ತಾಗಿತು. ಅಂದರೆ ಹನ್ನೆರಡು ವಾರ ದಾಟಿರಬೇಕು. ಬೆರಳು ಚುಚ್ಚಿ ರಕ್ತ ನೋಡಿದೆ. ಹಿಮೋಗ್ಲೋಬಿನ್ ಎಂಟು. ಹನ್ನೊಂದರ ಮೇಲೆ ಇರಬೇಕು.

ಅವಳು ಹೊರಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. ನಾಗರಾಜ ಒಂದು ಗಂಟೆಯೊಳಗೆ ಬೈಕಿನಲ್ಲಿ ಬಂದ, ಬರುವಾಗಲೇ ಪೇಟೆಯ ಯಾವುದೋ ಅಂಗಡಿಯಿಂದ ಗರ್ಭಪಾತದ ಮಾತ್ರೆಯ ಕಿಟ್ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಹೆಂಡತಿ ಬಸುರಿ ಅಂತ ತಿಳಿದ ಗಂಡಸಿನ ವೇಗ ನೋಡಿ.

"ಮೇಡಂ, ಇದನ್ನ ಎಂಗೆ ತಗಳಾದು ಹೇಳ್ಬುಡಿ. ಇವತ್ತು ತಗಂಡ್ರೆ ನಾಡಿದ್ದಕ್ಕೆ ಕ್ಲಿಯರ್ ಆಯ್ತದಂತೆ."

"ಜಿಲ್ಲಾಸ್ಪತ್ರೆಗೆ ಹೋಗಿ ಮೊದಲು ಸ್ಕ್ಯಾನಿಂಗ್ ಮಾಡ್ಸು ನಾಗರಾಜ. ಇದು ತಿಂಗಳು ಜಾಸ್ತಿ ಆಗಿರೋ ಹಂಗಿದೆ."

"ಆಸ್ಪತ್ರೆ ಅಂದ್ರೆ ಎಲ್ಡ್ ದಿನ ಹೋಯ್ತದೆ, ಚಾಕಿ ಯಾರು ಹಾಕ್ಕಳಾದು? ಒಂಬತ್ ವಾರದ ಗಂಟ ತಗಬೋದು ಅಂತ ಮೊಬೈಲಲ್ಲಿ ನೋಡಿವ್ನಿ. ಇವ್ಳಿಗೆ ಏಳೇ ವಾರ."

ಅವನು ದುಷ್ಟನಲ್ಲ. ಮೊಬೈಲಿನಲ್ಲಿ ಓದಿದ್ದು ಸರಿಯೇ ಇತ್ತು, ಹೆಂಡತಿಯ ವಾರದ ಲೆಕ್ಕ ಮಾತ್ರ ತಪ್ಪಾಗಿತ್ತು. ಎರಡು ಸಿಸೇರಿಯನ್ ಆದ ಗರ್ಭಕೋಶ, ಎಂಟು ಹಿಮೋಗ್ಲೋಬಿನ್, ಮೂರು ತಿಂಗಳು ದಾಟಿದ ಬಸಿರು. ಹೀಗಿರುವವಳು ಮನೆಯಲ್ಲಿ ಆ ಮಾತ್ರೆ ನುಂಗಿದರೆ ಹಳೆಯ ಹೊಲಿಗೆ ಬಿಟ್ಟು ಹೋಗಬಹುದು. ರಕ್ತ ನಿಲ್ಲದೆ ಹೋದರೆ ಮಾಗಡಿ ತಲುಪುವಷ್ಟು ಹೊತ್ತೂ ಸಿಗದಿರಬಹುದು. ಇದನ್ನೆಲ್ಲ ಹೇಳಿದೆ. ಅವನು ನೆಲ ನೋಡಿಕೊಂಡು "ಏಳೇ ವಾರ ಮೇಡಂ" ಅಂತ ಮತ್ತೆ ಹೇಳಿದ. ನನ್ನ ಬೆರಳಿಗೆ ತಾಗಿದ್ದನ್ನು ಅವನಿಗೆ ತೋರಿಸುವುದು ಹೇಗೆ? ಒಂದು ತಾರೀಖು ಬೇಕಿತ್ತು.

"ಆ ಕಂದು ಬಿಡು," ಅಂದೆ ಸವಿತಳಿಗೆ. "ಅದಕ್ಕೂ ಮುಂಚೆ, ಐದು ದಿನ ಸರಿಯಾಗಿ ಆಗಿದ್ದು ಯಾವಾಗ?"

"ಗ್ಯಾಪಕ ಇಲ್ಲ ಸಿಸ್ಟ್ರೇ. ನಮ್ಮತ್ತೆಗೆ ಗೊತ್ತಿರ್ತದೆ."

ಸೊಸೆಯ ಮುಟ್ಟು ಅತ್ತೆಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಹುಳುಮನೆಗೆ ಯಾವತ್ತು ಯಾರು ಹೋಗಬಹುದು, ಯಾರು ಆಚೆ ಕೂರಬೇಕು ಅನ್ನುವುದನ್ನು ನೋಡಿಕೊಳ್ಳುವವಳು ಆಕೆಯೇ. ನಾನು ಬಂದು ಕೇಳಲಾ ಅಂದೆ. ಸವಿತ, "ಬಸ್ರು ಅಂತ ನೀವು ಹೇಳ್ಬ್ಯಾಡಿ, ಮುಟ್ಟಿಂದಷ್ಟೇ ಕೇಳಿ" ಅಂದಳು. ಒಪ್ಪಿದೆ.

ನಾವು ಮೂವರೂ ಹೋದಾಗ ಅತ್ತೆ ಗೌರಮ್ಮ ಹುಳುಮನೆಗೆ ಸುಣ್ಣ ಹೊಡೆಯುತ್ತಿದ್ದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ. ನನ್ನನ್ನು ಅಲ್ಲೇ ತಡೆದರು. "ಕಾಲ್ ಅದ್ಕಂಡ್ ಬನ್ನಿ. ನೀವು ಆಚೆ ಇಲ್ಲ ತಾನೆ ನರ್ಸಮ್ಮ?"

"ನಂಗೆ ಪೂರ್ತಿ ನಿಂತು ವರ್ಷ ಆಯ್ತು ಗೌರಮ್ಮೋರೆ."

"ಹಂಗಾದ್ರೆ ನಮ್ ಪಾರ್ಟಿ. ಬನ್ನಿ."

ಒಳಗೆ ಗೋಡೆಗೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅದರಲ್ಲಿ ಅಲ್ಲಲ್ಲಿ ಅರಿಶಿನದ ಬೊಟ್ಟು, ಕುಂಕುಮದ ಬೊಟ್ಟು. ಹುಳು ಮನೆಗೆ ಬಂದ ದಿನಕ್ಕೆ ಅರಿಶಿನ, ಗೂಡು ಬಿಡಿಸಿದ ದಿನಕ್ಕೆ ಕುಂಕುಮ ಇಡುವುದು ಗೌರಮ್ಮನ ಪದ್ಧತಿ. ಆಕೆಗೆ ಓದು ಬರಹ ಬರುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಎಷ್ಟೋ ರಿಜಿಸ್ಟರು ತುಂಬಿದ್ದೇನೆ, ಇಷ್ಟು ಚೊಕ್ಕವಾದದ್ದು ಒಂದೂ ಇಲ್ಲ.

"ಸವಿತಂಗೆ ಸರಿಯಾಗಿ ಮುಟ್ಟಾಗಿದ್ದು ಯಾವಾಗ ಅಂತ ನಿಮಗೆ ನೆನಪಿದ್ಯಾ?" ಅಂತ ಕೇಳಿದೆ.

"ಹೋದ್ ಬೆಳೆಗೆ ಆಚೆ ಕೂರ್ನೇ ಇಲ್ಲ. ಅದರ ಹಿಂದಿನ್ ಬೆಳೆಗೆ ಗೂಡ್ ಬಿಡಿಸಿದ್ ಮ್ಯಾಲೆ ಒಂದ್ ದಿನ ಕುಂತ್ಲು, ಮಾರ್ನೆ ದಿನಕ್ಕೇ ತಲೆಗ್ ನೀರ್ ಹಾಕ್ಕಂಡ್ ಬಂದ್ಲು. ಅದಕ್ಕೂ ಹಿಂದ್ಲು ಬೆಳೆ ಐತಲ್ಲ, ಆಗ ಐದ್ ದಿನ ಕುಂತಿದ್ಲು. ನಾನೊಬ್ಳೇ ಮನೆ ತೊಳ್ದು, ಬ್ಲೀಚಿಂಗ್ ಪೌಡ್ರು ಕಣ್ಗೆ ಬಿದ್ದು, ಮೂರ್ ದಿನ ಕಣ್ ಬುಡಕ್ಕಾಗ್ಲಿಲ್ಲ."

"ಗೂಡು ಬಿಡಿಸಿ ಎಷ್ಟನೇ ದಿನಕ್ಕೆ?"

"ಮೂರ್ನೇ ದಿನ."

ಹಿಂದಿನ ಹಾಳೆಗಳನ್ನು ಎತ್ತಿ ಮೂರನೇ ಕುಂಕುಮದ ಬೊಟ್ಟು ಹುಡುಕಿದೆ. ಅಲ್ಲಿಂದ ಮೂರು ದಿನ ಮುಂದಕ್ಕೆ ಬಂದು ಬೆರಳಿಟ್ಟೆ. ಮುಂದಕ್ಕೆ ನಾಗರಾಜನೇ ಎಣಿಸಲಿ ಅಂದೆ, ನಂಬಲಿ ಅಂತ. ತೊಂಬತ್ತಮೂರು ದಿನ. ಹದಿಮೂರು ವಾರ ದಾಟಿತ್ತು. ಅವನ ಬೆರಳು ಅವತ್ತಿನ ಬುಧವಾರದ ಮೇಲೆ ನಿಂತು ಹಾಗೇ ಉಳಿಯಿತು.

"ಯಾಕ್ ಎಣಿಸ್ತಿದೀರಾ ಅಂತ ಗೊತ್ತಾಯ್ತು ಬುಡಿ," ಅಂದರು ಗೌರಮ್ಮ. "ನಾನೇನ್ ಎಳೇ ಮಗೀನಾ? ಆದ್ರೆ ಮಾತ್ರೆ ತಗತಿದ್ಲಲ್ಲ?"

ನಾನು ಸವಿತಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಆಮೇಲೆ ಅಂಡ, ಒಳಪದರ, ಎಲ್ಲ ವಿವರಿಸಿದೆ. ಗೌರಮ್ಮ ಪೂರ್ತಿ ಕೇಳಿ, "ಅಂದ್ರೆ ಚಿಟ್ಟೆ ತೂತ್ ಮಾಡ್ಕಂಡ್ ಆಚಿಕ್ ಹೋದ್ಮ್ಯಾಲೆ ಗೂಡ್ ಕಾದಂಗಾಯ್ತು" ಅಂದರು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಅವತ್ತಿನಿಂದ ಎಲ್ಲ ಕಡೆ ಇದನ್ನೇ ಹೇಳುತ್ತಿದ್ದೇನೆ.

"ನಾಳೆ ಬೆಳಗ್ಗೆ ರಾಮನಗರದ ಜಿಲ್ಲಾಸ್ಪತ್ರೆಗೆ ಹೋಗಬೇಕು. ಎರಡು ದಿನ ಆದ್ರೂ ಆಗಲಿ," ಅಂದೆ.

"ಅವ್ವ, ನಾಡಿದ್ದು ಚಾಕಿ..." ಅಂತ ನಾಗರಾಜ ಶುರು ಮಾಡಿದ.

"ಚಾಕಿನ ಕೆಳಗಲ್ ಮನೆಯೋರ್ಗೆ ಕೊಡಿ ಅಂತ ಫೋನ್ ಮಾಡು ಕಣ್ಲಾ. ಹುಳ ಇನ್ನೊಂದ್ ತಿಂಗಳ್ಗೆ ಬತ್ತದೆ. ಇವ್ಳು ಹೋದ್ರೆ ಯಾವ್ ಕೇಂದ್ರದಿಂದ ತತ್ತೀಯ?"

ಅವನು ಫೋನ್ ಮಾಡಿದ. ಕಿಟ್ಟನ್ನು ತೆಗೆದು ನನ್ನ ಕೈಗೆ ಕೊಟ್ಟ.

ಮರುದಿನ ಸವಿತ, ನಾಗರಾಜ, ಗೌರಮ್ಮನ ಜೊತೆ ನಾನೂ ಹೋದೆ. ಸ್ಕ್ಯಾನಿಂಗ್‌ನಲ್ಲಿ ಹದಿಮೂರು ವಾರ ನಾಲ್ಕು ದಿನ. ಕ್ಯಾಲೆಂಡರಿಗೂ ಮೆಶಿನ್ನಿಗೂ ಒಂದೇ ದಿನದ ವ್ಯತ್ಯಾಸ. ಮಾಸು ಹಳೆಯ ಹೊಲಿಗೆಯ ಮೇಲೆ ಕೂತಿರಲಿಲ್ಲ, ಅದು ಪುಣ್ಯ. ಬಸ್ಸಿನಲ್ಲಿ ಬರುವಾಗಲೇ ಗೌರಮ್ಮ ನನ್ನ ಕಿವಿಯಲ್ಲಿ ಹೇಳಿದ್ದರು, "ಇರ್ಲಿ ಬುಡಿ, ಇನ್ನೊಂದು ಆಗ್ಲಿ ಅನ್ನುಸ್ತದೆ ನಂಗೆ." ನಾಗರಾಜನಿಗೆ ಬೇಡವಾಗಿತ್ತು. ಸವಿತಳಿಗೇನು ಬೇಕು ಅಂತ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಲೇಡಿ ಡಾಕ್ಟರು ಅವರಿಬ್ಬರನ್ನೂ ಹೊರಗೆ ಕೂರಿಸಿದರು. ನಾನು ಇರಲಿ ಅಂತ ಸವಿತ ಕೇಳಿಕೊಂಡಳು.

"ಉಳುಸ್ಕಂಡ್ರೆ ನಾನು ಉಳಿತೀನಾ ಮೇಡಂ?" ಅದು ಅವಳ ಮೊದಲ ಪ್ರಶ್ನೆ.

ಡಾಕ್ಟರು ಸುಳ್ಳು ಹೇಳಲಿಲ್ಲ. "ಎರಡು ಹೊಲಿಗೆ ಆಗಿದೆ, ಅಂತರ ಕಡಿಮೆ, ರಕ್ತ ಕಡಿಮೆ. ಬೇರೆಯವರಿಗಿಂತ ನಿನಗೆ ಅಪಾಯ ಜಾಸ್ತಿ. ಚೆನ್ನಾಗಿ ನೋಡ್ಕೊತೀವಿ ಅಂತ ಹೇಳಬಹುದು, ಏನೂ ಆಗಲ್ಲ ಅಂತ ಹೇಳೋಕಾಗಲ್ಲ. ಬೇಡ ಅಂದ್ರೆ ಕಾನೂನು ಒಪ್ಪುತ್ತೆ, ಇಲ್ಲೇ, ರಕ್ತ ಪಕ್ಕದಲ್ಲಿಟ್ಕೊಂಡು ಮಾಡ್ತೀವಿ. ನಿನ್ನ ಸಹಿ ಸಾಕು. ಗಂಡನದ್ದು ಬೇಕಾಗಿಲ್ಲ."

ಸವಿತ ತನ್ನ ಬಳೆಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಕೂತಳು. ಡಾಕ್ಟರು ಅವಸರ ಮಾಡಲಿಲ್ಲ. ಹೊರಗೆ ಸಾಲಿನಲ್ಲಿ ನಲವತ್ತು ಜನ ಇದ್ದರೂ ಮಾಡಲಿಲ್ಲ, ಅದನ್ನು ಇಲ್ಲಿ ಬರೆಯಲೇಬೇಕು.

"ಬ್ಯಾಡ ಮೇಡಂ. ನಂಗೆ ಹೋದ್ ಸಲದ್ ಸುಸ್ತೇ ಇನ್ನೂ ಇಳ್ದಿಲ್ಲ."

ಸಹಿ ಹಾಕಿ ಎದ್ದಳು. ಅತ್ತೆಗೆ ನಾನು ಹೇಳಲಾ ಅಂದೆ. ಬೇಡ ಅಂದಳು. ತಾನೇ ಹೊರಗೆ ಹೋಗಿ ಬೆಂಚಿನ ಮೇಲೆ ಗೌರಮ್ಮನ ಪಕ್ಕ ಕೂತು, ಎರಡೇ ಮಾತಿನಲ್ಲಿ ಹೇಳಿದಳು. ಗೌರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಜಗಳ ಆಗುತ್ತದೆ ಅಂತ ನಾನು ಕಾದೆ.

"ನಂಗೆ ಆರ್ ಬಸ್ರು," ಅಂದರು ಕೊನೆಗೆ. "ಒಂದ್ ಸಲಾನೂ ಯಾರೂ ಕೇಳ್ಲಿಲ್ಲ ಕಣೆ."

ಅಷ್ಟು ಹೇಳಿ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಹೊರಟರು.

ಮೊದಲು ರಕ್ತ ಕೊಟ್ಟು ಆಮೇಲೆ ಮಾಡಿದರು. ಐದು ದಿನ ಆಸ್ಪತ್ರೆಯಲ್ಲಿದ್ದಳು, ಏನೂ ತೊಂದರೆಯಾಗಲಿಲ್ಲ. ಗರ್ಭಪಾತವಾದ ಎರಡೇ ವಾರಕ್ಕೆ ಮತ್ತೆ ಅಂಡ ಬರಬಹುದು, ಆದ್ದರಿಂದ ಮನೆಗೆ ಕಳಿಸುವ ಮುಂಚೆಯೇ ಒಂದು ದಾರಿ ಮಾಡಬೇಕು. ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್, ವಾರಕ್ಕೆರಡು ಸಲ ಶುರುಮಾಡಿ ಆಮೇಲೆ ವಾರಕ್ಕೊಮ್ಮೆ ನುಂಗುವ ಮಾತ್ರೆ, ಕಾಪರ್-ಟಿ, ನಿರೋಧ್, ಗಂಡನಿಗೆ ಮಾಡುವ ಆಪರೇಶನ್, ಎಲ್ಲ ಹೇಳಿದೆ. ಕೊನೆಯದನ್ನು ಹೇಳಿದಾಗ ನಾಗರಾಜನಿಗೆ ಇದ್ದಕ್ಕಿದ್ದಂತೆ ಟೀ ಕುಡಿಯುವ ನೆನಪಾಯಿತು. ಇಂಜೆಕ್ಷನ್ನಿಗೆ ಕೆಲವರಿಗೆ ಮುಟ್ಟೇ ನಿಲ್ಲುತ್ತದೆ, ಹುಳುಮನೆಗೆ ಅನುಕೂಲ, ರಕ್ತವೂ ಉಳಿಯುತ್ತದೆ ಅಂತ ನಾನು ಅದನ್ನೇ ಒತ್ತಿ ಹೇಳಿದೆ. ಸವಿತ ಕಾಪರ್-ಟಿ ಕೇಳಿದಳು.

"ಇನ್ಮ್ಯಾಕೆ ನಿಂತೈತೋ ಬಂದೈತೋ ಅಂತ ನಂಗೆ ಗೊತ್ತಾಗ್ಬೇಕು ಸಿಸ್ಟ್ರೇ. ಬರ್ಲಿ. ಕಣ್ಗೆ ಕಾಣ್ಲಿ."

ಮೊದಲ ಕೆಲವು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದು ಅಂತ ಎಚ್ಚರಿಸಿ, ಕಬ್ಬಿಣಾಂಶದ ಮಾತ್ರೆ ತಪ್ಪಿಸುವಂತಿಲ್ಲ ಅಂತ ಮಾತು ತೆಗೆದುಕೊಂಡು ಡಾಕ್ಟರು ಹಾಕಿದರು.

ಗೌರಮ್ಮ ಆ ನಂಬಿಕೆ ಬಿಟ್ಟರು, ಸೊಸೆಯನ್ನು ಹುಳುಮನೆಗೆ ಕೈಹಿಡಿದು ಕರೆದೊಯ್ದರು ಅಂತ ಬರೆದರೆ ನಿಮಗೆ ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಇವತ್ತಿಗೂ ಮುಟ್ಟಾದವಳು ಆಚೆಯೇ. ಆದರೆ ಮಾತ್ರೆ ಆ ಮನೆಗೆ ಮತ್ತೆ ಬರಲಿಲ್ಲ. ಆ ಐದು ದಿನ ಸವಿತ ತೋಟದಲ್ಲಿ ಸೊಪ್ಪು ಕೊಯ್ದು ಬಾಗಿಲ ತನಕ ತಂದು ಹಾಕುತ್ತಾಳೆ, ಒಳಗೆ ನಾಗರಾಜ ಹಣ್ಣುಹುಳು ಆರಿಸುತ್ತಾನೆ. ಅವನ ಕೈ ನಿಧಾನ, ಬೈಗುಳ ತಿನ್ನುತ್ತಾನೆ. ತಿನ್ನಲಿ.

ಇಷ್ಟು ವರ್ಷ ನಾನು ಹೆಂಗಸರನ್ನು ಕೊನೆಯ ಮುಟ್ಟು ಯಾವಾಗ ಅಂತ ಕೇಳಿ ತಾರೀಖು ಬರೆದುಕೊಳ್ಳುತ್ತಿದ್ದೆ. ಆ ತಾರೀಖಿನ ಮೇಲೆ ಹೆರಿಗೆಯ ದಿನ, ಮಾತ್ರೆಯ ಡೋಸು, ಕೆಲವೊಮ್ಮೆ ಒಬ್ಬಳ ಜೀವ ನಿಂತಿರುತ್ತದೆ. ಈಗ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ. "ಅದು ತಾನಾಗಿ ಬಂತಾ, ಮಾತ್ರೆ ನುಂಗಿ ನೀನು ಬರಿಸಿದ್ದಾ?" ಒಬ್ಬಳು ಮನೆದೇವರ ಪರದ ಅಡುಗೆ ಇತ್ತು ಅನ್ನುತ್ತಾಳೆ, ಇನ್ನೊಬ್ಬಳು ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ರಜೆ ಸಿಗಲ್ಲ ಅನ್ನುತ್ತಾಳೆ, ಮತ್ತೊಬ್ಬಳು ನಾದಿನಿ ಮದುವೆ ಅನ್ನುತ್ತಾಳೆ. ಆ ಮಾತು ಪೂರ್ತಿ ಕೇಳಿದ ಮೇಲೇ ನಾನು ಪೆನ್ನು ತೆಗೆಯುವುದು.